ಮಸಿಯವರ ಬಚ್ಚಲು

ನಮ್ಮ ಕಾರ್ಖಾನೆಯಲ್ಲಿ ಬಿಸಿನೀರು ಚರಂಡಿಗೆ ಹೋಗುತ್ತದೆ. ನಾವು ಮಸಿ ಮೆತ್ತಿಕೊಂಡು ಮನೆಗೆ ಹೋಗುತ್ತೇವೆ.

ಜಗಳ ಇಷ್ಟೇ. ಆದರೆ ಇದು ಜಗಳ ಮಾಡುವಂಥ ವಿಷಯ ಅಂತ ನಮಗೆ ನಾವೇ ಒಪ್ಪಿಸಿಕೊಳ್ಳುವುದಕ್ಕೆ ಬಹಳ ಕಾಲ ಹಿಡಿಯಿತು.

ಊರೆಲ್ಲ ಎಸೆದ ಪ್ಲಾಸ್ಟಿಕ್ಕು ಲಾರಿಯಲ್ಲಿ ಬಂದು ನಮ್ಮ ಅಂಗಳದಲ್ಲಿ ಬೀಳುತ್ತದೆ. ಹಾಲಿನ ಕವರು, ಶಾಂಪೂ ಬಾಟಲಿ, ಮುರಿದ ಬಕೆಟ್ಟು, ಕುರ್ಚಿಯ ಕಾಲು, ಬೊಂಬೆಯ ತಲೆ. ರಾಶಿ ಎರಡು ಮಹಡಿ ಎತ್ತರ. ಬೆಳಗಿನ ಬಿಸಿಲಿನಲ್ಲಿ ದೂರದಿಂದ ನೋಡುವವರಿಗೆ ಅದು ಹೂವಿನ ಗುಡ್ಡ. ಹತ್ತಿರ ಬಂದವರಿಗೆ ಮೂಗಿದೆ. ರಾಶಿಯ ಮುಂದೆ ಕೂತು ನಾವು ಎಂಟು ಜನ ಹೆಂಗಸರು ಪ್ಲಾಸ್ಟಿಕ್ಕನ್ನು ಜಾತಿ ನೋಡಿ ಬೇರ್ಪಡಿಸುತ್ತೇವೆ. ಕೆಲವು ಜಾತಿ ಹಂಡೆಗೆ ಆಗುತ್ತದೆ, ಕೆಲವು ಆಗುವುದಿಲ್ಲ. ಜಾತಿ ನೋಡಿ ಬೇರ್ಪಡಿಸುವುದು ನಮ್ಮ ಕೆಲಸ. ನಮ್ಮನ್ನು ಬೇರ್ಪಡಿಸುವುದು ಆಫೀಸಿನವರ ಕೆಲಸ.

ಹಂಡೆ ಅಂದರೆ ರಿಯಾಕ್ಟರು. ಇಂಜಿನಿಯರು ಹಾಗೆ ಹೇಳುತ್ತಾರೆ. ನೋಡುವುದಕ್ಕೆ ಅಡ್ಡ ಮಲಗಿಸಿದ ಹಂಡೆ, ಒಳಗೆ ಒಂದು ಸಂಸಾರ ಮಾಡಬಹುದು. ಕೆಳಗೆ ಬೆಂಕಿ ಹಾಕಿದರೆ ಒಳಗಿನ ಪ್ಲಾಸ್ಟಿಕ್ಕು ಕರಗುತ್ತದೆ, ಕುದಿಯುತ್ತದೆ, ಆವಿಯಾಗುತ್ತದೆ. ಆ ಆವಿ ನೀರಿನ ತೊಟ್ಟಿಯಲ್ಲಿ ಮುಳುಗಿದ ಕೊಳವೆಗಳೊಳಗೆ ಹಾದು ತಣ್ಣಗಾಗಿ ಎಣ್ಣೆಯಾಗಿ ತೊಟ್ಟಿಕ್ಕುತ್ತದೆ. ಉರುವಲಿಗೆ ಬರುವ ಎಣ್ಣೆ. ಅದನ್ನು ಟ್ಯಾಂಕರಿನವರು ಒಯ್ಯುತ್ತಾರೆ. ಹಂಡೆಯ ಗೋಡೆಗೆ ಕರಿ ಹಿಡಿದು ನಿಲ್ಲುವ ಮಸಿ ಮಾತ್ರ ನಮಗೆ.

ಇಂಥ ಹಂಡೆ ಮೂರಿವೆ, ಸರದಿಯ ಮೇಲೆ ಒಂದನ್ನು ಆರಲು ಬಿಟ್ಟು ಉಳಿದೆರಡನ್ನು ಉರಿಸುತ್ತಾರೆ. ಆರಿದ ಹಂಡೆಯ ಬಾಗಿಲು ಬೆಳಿಗ್ಗೆ ತೆರೆಯುತ್ತಾರೆ. ಇಂಜಿನಿಯರು ಒಂದು ಮೀಟರನ್ನು ಒಳಗೆ ಇಳಿಬಿಟ್ಟು ಗಾಳಿ ಸರಿಯಿದೆಯೇ ನೋಡುತ್ತಾರೆ. ಆಮೇಲೆ ನಾವು ಇಳಿಯುತ್ತೇವೆ. ಬಗ್ಗಿ ಹೋಗಬೇಕು, ಬಗ್ಗಿ ಕೆರೆಯಬೇಕು, ಬಗ್ಗಿಯೇ ಚೀಲ ಎಳೆದುಕೊಂಡು ಹೊರಗೆ ಬರಬೇಕು. ಮಸಿ ಮುಖದ ಪೌಡರಿಗಿಂತ ನುಣುಪು. ಕಿವಿಯೊಳಗೆ ಹೋಗುತ್ತದೆ. ರೆಪ್ಪೆಯ ಬುಡದಲ್ಲಿ ಕೂರುತ್ತದೆ. ಉಗುಳಿದರೆ ಕಪ್ಪು, ಸೀನಿದರೆ ಕಪ್ಪು. ಅದರಲ್ಲಿ ಎಣ್ಣೆಯ ಜಿಡ್ಡಿರುವುದರಿಂದ ತಣ್ಣೀರಿಗೆ ಜಗ್ಗುವುದಿಲ್ಲ. ಬಿಸಿನೀರು ಬೇಕು, ಸೋಪು ಬೇಕು, ಬೆನ್ನು ತಿಕ್ಕುವುದಕ್ಕೆ ಇನ್ನೊಬ್ಬರ ಕೈ ಬೇಕು.

ಬಿಸಿನೀರು ಇದೆ. ಆವಿ ತಣಿಸಿದ ತೊಟ್ಟಿಯ ನೀರು ತಾನು ಬಿಸಿಯಾಗಿ ಒಂದು ದಪ್ಪ ಪೈಪಿನಲ್ಲಿ ಆಫೀಸಿನ ಹಿಂದಕ್ಕೆ ಬರುತ್ತದೆ. ಸ್ವಲ್ಪ ಅಲ್ಲಿರುವ ಬಚ್ಚಲಿಗೆ ಹೋಗುತ್ತದೆ. ಉಳಿದದ್ದೆಲ್ಲ ಹಗಲೂ ರಾತ್ರಿ ಚರಂಡಿಗೆ ಸುರಿಯುತ್ತದೆ. ಬಚ್ಚಲಿಗೆ ಬಿಳಿ ಟೈಲ್ಸು, ಒಳಗೆ ಸಾಲಾಗಿ ಮೂರು ಕೋಣೆ, ಹೊರಗೆ ಒಂದು ಪ್ಲಾಸ್ಟಿಕ್ ಬಾಗಿಲು, ಬಾಗಿಲಿಗೆ ಬೀಗ. ಯಂತ್ರ ನಡೆಸುವವರು ಮೀಯುತ್ತಾರೆ. ಗುಮಾಸ್ತ ಮೀಯುತ್ತಾನೆ. ಗುಮಾಸ್ತನ ಮೈಗೆ ಏನು ಮೆತ್ತಿರುತ್ತದೋ ಗೊತ್ತಿಲ್ಲ. ನಮಗೆ ಹಿಂದಿನ ಗೇಟು.

ನಮ್ಮಲ್ಲೊಬ್ಬಳಿದ್ದಾಳೆ, ಅವಳನ್ನು ಎಲ್ಲರೂ ರೇಡಿಯೋ ಅನ್ನುತ್ತಾರೆ. ಬಾಯಿ ಮುಚ್ಚಿದ್ದನ್ನು ನೋಡಿದವರಿಲ್ಲ. ಬಚ್ಚಲು ಕಾಯುವವನು ಅವಳ ಮೈದುನ, ಗಂಡನ ತಮ್ಮ. ಒಮ್ಮೆ ಅವನು ಪಾಪ ಅಂತ ಅತ್ತಿಗೆಯನ್ನು ಒಳಗೆ ಬಿಟ್ಟ. ಟೈಲ್ಸು ಕಪ್ಪಾಯಿತು. ಗುಮಾಸ್ತ ದೂರು ಕೊಟ್ಟ. ಇಂಜಿನಿಯರು ಮೈದುನನಿಗೆ ಬ್ರಷ್ಷು ಕೊಟ್ಟು ಮಂಡಿಯೂರಿಸಿ ಒಂದೊಂದು ಟೈಲೂ ಉಜ್ಜಿಸಿದರು. ನಮ್ಮೆಲ್ಲರನ್ನೂ ಕರೆಸಿ ಎದುರಿಗೆ ನಿಲ್ಲಿಸಿಕೊಂಡು ಅವನಿಗೆ ಹೇಳಿದರು:

"ನೋಡ್ರೀ, ಮಸಿಯವರು ಯಾರೇ ಬರಲಿ, ಬಿಡಬೇಡ್ರೀ. ಇಂಜಿನಿಯರೇ ಹೇಳಿದ್ದಾರೆ ಅಂತಾರೆ, ನಂಬಬೇಡ್ರೀ. ಮುಖದ ಮೇಲೆ ಮಸಿ ಇದ್ರೆ ಬಾಗಿಲು ಇಲ್ಲ. ಅಷ್ಟೇ."

ಇಂಜಿನಿಯರು ಕೆಟ್ಟವರೇನಲ್ಲ. ಸಣ್ಣ ವಯಸ್ಸು. ನಮ್ಮನ್ನು ಬೈಯುವಾಗಲೂ 'ರೀ' ಸೇರಿಸಿಯೇ ಬೈಯುತ್ತಾರೆ. ಆದರೆ ಮರ್ಯಾದೆ ಕೊಟ್ಟು ಮುಚ್ಚಿದರೂ ಮುಚ್ಚಿದ ಬಾಗಿಲು ಮುಚ್ಚಿದ್ದೇ. ನಾವು ಕೇಳಿದೆವು, ಸರ್, ಈ ಮಸಿ ಹೆಂಗೆ ತೆಗೀಬೇಕು ಅಂತ. "ಒಂದು ಹಳೇ ಬಟ್ಟೆ ಇಟ್ಕೊಳ್ರೀ. ಒರೆಸಿದ್ರೆ ಹೋಗುತ್ತೆ. ಮಸಿ ತಾನೇ," ಅಂದರು.

ಸಂಜೆ ಬಸ್ಸು ಹತ್ತಿದರೆ ಕಂಡಕ್ಟರು ನಮಗೆ ಕಡೇ ಮೆಟ್ಟಿಲು ತೋರಿಸುತ್ತಾನೆ. ಖಾಲಿ ಸೀಟಿದ್ದರೂ ಕೂರುವ ಹಾಗಿಲ್ಲ. ಸೀಟು ಕರ್ರಗಾದರೆ ತೊಳೆಯುವವನು ಅವನೇ ಅಂತೆ. ಒಂದು ದಿನ ರೇಡಿಯೋ ಅವನಿಗೆ, "ಅಣ್ಣಾ, ನಮ್ಮನ್ನ ಮೇಲೆ ಲಗೇಜ್ ಜತೆ ಹಾಕು, ಗಾಳಿನಾದ್ರೂ ಬರುತ್ತೆ" ಅಂದಳು. ಬಸ್ಸೆಲ್ಲ ನಕ್ಕಿತು. ನಾವೂ ನಕ್ಕೆವು. ಕಿಟಕಿಯ ಬಳಿಯ ಹೆಂಗಸು ನಗುತ್ತಲೇ ತನ್ನ ಮಗುವಿನ ಕಾಲನ್ನು ನಮ್ಮ ಕಡೆಯಿಂದ ಆಚೆಗೆ ಎಳೆದುಕೊಂಡಳು.

ಹೀಗೆ ನಡೆದುಕೊಂಡು ಹೋಗುತ್ತಿತ್ತು. ನನ್ನ ಮಗಳು ಹೆತ್ತಳು.

ಆಸ್ಪತ್ರೆ ಕಾರ್ಖಾನೆಯ ಎದುರು ರಸ್ತೆಯಲ್ಲೇ ಇದೆ. ಹೆಣ್ಣು ಮಗು. ದಿನ ತುಂಬುವುದಕ್ಕೆ ಮುಂಚೆ ಹುಟ್ಟಿದ್ದರಿಂದ ಸಣ್ಣದು. ಅಂಥ ಮಕ್ಕಳನ್ನು ಬೆಚ್ಚಗಿಡುವ ವಾರ್ಡಿನಲ್ಲಿ ತಾಯಿ ಮಗು ಇಬ್ಬರನ್ನೂ ಇಟ್ಟಿದ್ದರು. ನೋಡಲು ಬಿಡುವುದು ಐದು ಗಂಟೆಯವರೆಗೆ. ನಮ್ಮನ್ನು ಬಿಡುವುದು ನಾಲ್ಕಕ್ಕೆ. ಮನೆಗೆ ಹೋಗಿ ನೀರು ಕಾಯಿಸಿ ಮೈ ತೊಳೆದು ವಾಪಸ್ ಬರುವಷ್ಟರಲ್ಲಿ ದೀಪ ಹಚ್ಚಿರುತ್ತಾರೆ. ರಜೆ ಹಾಕುವ ಹಾಗಿಲ್ಲ. ಒಬ್ಬಳು ಬರದಿದ್ದರೆ ಮರುದಿನ ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಿರುತ್ತಾಳೆ.

ಮೊದಲ ಎರಡು ವಾರ ಯಾರನ್ನೂ ನೋಡಲು ಬಿಡಲಿಲ್ಲ. ಬಿಟ್ಟ ಮೊದಲ ದಿನ ಹಾಗೆಯೇ ಓಡಿದೆ. ಚೀಲದಲ್ಲಿ ಒಗೆದ ಬಟ್ಟೆ ಇತ್ತು. ಆಸ್ಪತ್ರೆಯ ಹೊರಗಿನ ನಲ್ಲಿಯಲ್ಲಿ ಮುಖ ತೊಳೆದೆ, ಕೈ ತೊಳೆದೆ, ಬಟ್ಟೆ ಬದಲಿಸಿದೆ. ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ತಡೆದರು.

"ಅಲ್ಲೇ ನಿಲ್ಲಿ. ಗಾಜು ಮುಟ್ಟಬೇಡಿ."

"ತೊಳ್ಕೊಂಡೇ ಬಂದಿದ್ದೀನಿ."

ಅವರು ಒಂದು ಚೂರು ಹತ್ತಿ ತೆಗೆದು ನನ್ನ ಮಣಿಕಟ್ಟಿನ ಮೇಲೆ ಎಳೆದು ನನ್ನ ಕಣ್ಣೆದುರು ಹಿಡಿದರು. ಹತ್ತಿ ಕಪ್ಪಾಗಿತ್ತು.

"ಇದು ಮಗುವಿನ ಮೂಗೊಳಗೆ ಹೋಗಬೇಕಾ, ಹೇಳಿ."

ಅವರು ಹೇಳಿದ್ದು ಸರಿ. ಸರಿಯಾದ ಮಾತಿನ ಎದುರು ನಿಲ್ಲುವುದು ತಪ್ಪು ಮಾತಿನ ಎದುರು ನಿಲ್ಲುವುದಕ್ಕಿಂತ ಕಷ್ಟ. ಮಗಳು ಗಾಜಿನ ಆಚೆಯಿಂದ ಮಗುವನ್ನು ಎತ್ತಿ ತೋರಿಸಿದಳು. ಬಟ್ಟೆಯ ಗಂಟು ಕಂಡಿತು. ಮೂಗು ಯಾರದು, ಹಣೆ ಯಾರದು, ಕಾಣಲಿಲ್ಲ.

ಅಳಿಯ ದೂರದ ಬಂದರಿನಲ್ಲಿ ಕ್ರೇನು ನಡೆಸುತ್ತಾನೆ. ಮಗುವಿಗೆ ಸ್ವಲ್ಪ ತೂಕ ಬಂದ ಕೂಡಲೇ ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋಗುವವನಿದ್ದ. ಎರಡು ರೈಲು ಬದಲಿಸಬೇಕಾದ ಊರು. ಹೋದರೆ ನಾನು ಮುಂದೆ ನೋಡುವುದು ಮಗು ಓಡಾಡುವ ಹೊತ್ತಿಗೆ. ಅಷ್ಟು ಹೊತ್ತಿಗೆ ನಾನು ಅದಕ್ಕೆ ಯಾರೋ ಹೆಂಗಸು.

ಮರುದಿನ ರಾಶಿಯ ಮುಂದೆ ಕೂತು ಇದನ್ನು ಹೇಳಿದೆ. ರೇಡಿಯೋ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು.

"ಅಕ್ಕಾ, ಬಚ್ಚಲು ಯಾರದ್ದು?"

"ಅವರದ್ದು."

"ಚರಂಡಿ?"

"ಚರಂಡಿ ಯಾವಾಗ್ಲೂ ನಮ್ಮದೇ."

"ಹಂಗಾದ್ರೆ ಚರಂಡಿಗೆ ಬೀಳೋ ನೀರೂ ನಮ್ಮದೇ ಬಿಡು."

ಹಂಡೆಗೆ ಆಗದ ಜಾತಿಯಲ್ಲಿ ಫ್ಲೆಕ್ಸು ಬಹಳ ಬರುತ್ತದೆ. ಮುಗಿದುಹೋದ ಚುನಾವಣೆಯವು, ಹುಟ್ಟುಹಬ್ಬದವು, ಎಲ್ಲದರಲ್ಲೂ ಒಂದು ದೊಡ್ಡ ಮುಖ, ಎಲ್ಲ ಮುಖದಲ್ಲೂ ಹಲ್ಲು. ನಾವು ಗಟ್ಟಿಯಾದ ನಾಲ್ಕು ಆರಿಸಿದೆವು. ಅದರಲ್ಲಿ ಒಂದು ನಮ್ಮ ಮಾಲೀಕರದ್ದೇ. 'ಸ್ವಚ್ಛ ನಗರ, ನನ್ನ ಕನಸು' ಅಂತ ಬರೆದು ಕೈ ಬೀಸುತ್ತಾ ನಿಂತಿದ್ದರು. ಬಿಡುವ ಹೊತ್ತಿಗೆ ಪೈಪಿನ ಬಾಯಿಯ ಸುತ್ತ ಕೋಲು ನೆಟ್ಟು ಫ್ಲೆಕ್ಸು ಕಟ್ಟಿದೆವು.

"ಮುಖ ಒಳಗಡೆ ಬರಲೋ, ಹೊರಗಡೆ ಬರಲೋ?" ಅಂತ ಒಬ್ಬಳು ಕೇಳಿದಳು.

"ಹೊರಗೆ ಹಾಕು ಮಾರಾಯ್ತಿ. ಒಳಗೆ ಹಾಕಿದ್ರೆ ನೋಡ್ತಾ ನಿಂತ್ಕೊಳ್ಳಲ್ವಾ," ಅಂದಳು ರೇಡಿಯೋ.

ಹಾಗೆ ಮಾಲೀಕರು ರಸ್ತೆಗೆ ಮುಖ ಮಾಡಿ ಕೈ ಬೀಸುತ್ತಾ ನಮ್ಮನ್ನು ಕಾದರು. ಒಳಗೆ ನೀರು ದಬದಬ ಸುರಿಯುತ್ತಿತ್ತು. ಎಂಥ ನೀರು. ತಲೆಯ ಮೇಲೆ ಬಿದ್ದರೆ ಬೆನ್ನಿನ ಮೂಳೆಯವರೆಗೂ ಇಳಿಯುವ ಬಿಸಿ. ಮೊದಲು ನನ್ನನ್ನೇ ನಿಲ್ಲಿಸಿದರು. ತಲೆಗೆ, ಮುಖಕ್ಕೆ, ಕುತ್ತಿಗೆಗೆ ಸೋಪು ಹಚ್ಚಿದೆ. ಕಣ್ಣು ಮುಚ್ಚಿಕೊಂಡು ನೀರಿಗೆ ಕೈ ಚಾಚಿದೆ.

ನೀರು ನಿಂತಿತು.

ಫ್ಲೆಕ್ಸಿನ ಆಚೆಯಿಂದ ಇಂಜಿನಿಯರ ದನಿ ಬಂತು. "ಏನ್ರೀ ಇದು, ಆಫೀಸ್ ಹಿಂದೆ ಸಂತೆ? ನೋಡಿದವರು ಏನಂದ್ಕೋತಾರೆ? ಬಟ್ಟೆ ಹಾಕ್ಕೊಂಡು ಆಚೆ ಬನ್ರೀ. ಫ್ಲೆಕ್ಸ್ ನೀವು ಇಳಿಸ್ತೀರೋ, ನಾನು ಇಳಿಸ್ಲೋ?"

ನೀರನ್ನು ಬೇರೆ ಪೈಪಿಗೆ ತಿರುಗಿಸಿದ್ದರು. ಅದು ಗೋಡೆಯ ಆಚೆ, ನಮ್ಮ ಕೈಗೆ ಸಿಗದ ಕಡೆ ಅದೇ ಚರಂಡಿಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಸೋಪಿನ ಮೇಲೆಯೇ ಬಟ್ಟೆ ಹಾಕಿಕೊಂಡೆ. ಕಣ್ಣು ಉರಿಯುತ್ತಿತ್ತು. ಬಟ್ಟೆಯಿಲ್ಲದ ಮೈಗೆ ಒಬ್ಬ ಗಂಡಸು ಆಚೆ ನಿಂತು ಗಡುವು ಕೊಡುತ್ತಿದ್ದ.

ಆಸ್ಪತ್ರೆಗೆ ಓಡಿದೆ. ನರ್ಸಮ್ಮ ನನ್ನನ್ನು ನೋಡಿ ನಗಬಾರದು ಅಂತ ಬಾಯಿ ಮುಚ್ಚಿಕೊಂಡರು, ಆಗಲಿಲ್ಲ.

"ಏನಮ್ಮ ಇದು, ಅರ್ಧ ಮುಖ ಮಾತ್ರ ತಂದಿದ್ದೀರಾ?"

ಕನ್ನಡಿ ತೋರಿಸಿದರು. ಸೋಪು ಹರಿದ ಕಡೆ ಬಿಳಿ ಗೆರೆ, ಹರಿಯದ ಕಡೆ ಕಪ್ಪು. ನನಗೂ ನಗು ಬಂತು. ನಗು ಮುಗಿದ ಮೇಲೆ ಅವರು ಹೇಳಿದರು, "ನಾಳೆ ಕಳಿಸ್ತಾರೆ. ಅಳಿಯ ಐದಕ್ಕೆ ಬರ್ತಾರಂತೆ. ನಾಳೆ ಪೂರ್ತಿ ಮುಖ ತನ್ನಿ, ನಾನೇ ಕೈಗೆ ಕೊಡ್ತೀನಿ."

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದು ಗುಂಪು ಇಳಿದು ಅರ್ಧ ಕೆರೆದ ಹಂಡೆಗೆ ಇನ್ನೊಂದು ಗುಂಪು ಇಳಿಯುವುದಿಲ್ಲ. ಯಾವ ಕಡೆ ಕರಿ ಸಡಿಲವಾಗಿ ನೇತಾಡುತ್ತಿದೆ ಅನ್ನುವುದು ಕೆರೆದವರಿಗೆ ಮಾತ್ರ ಗೊತ್ತು. ತಿಳಿಯದೆ ಹೋದವರ ತಲೆಯ ಮೇಲೆ ಬೀಳುತ್ತದೆ. ಯಾರು ಶುರು ಮಾಡಿದರೋ ಅವರೇ ಮುಗಿಸಬೇಕು. ಈ ಸುತ್ತಿನ ಎಲ್ಲ ಕಾರ್ಖಾನೆಯಲ್ಲೂ ಹೀಗೇ.

ಆದ್ದರಿಂದ ಬೆಳಿಗ್ಗೆ ನಾವು ತುಟಿ ಬಿಚ್ಚಲಿಲ್ಲ. ಬೆಳಿಗ್ಗೆಯೇ ಬಾಯಿ ತೆರೆದಿದ್ದರೆ ಗೇಟಿನಲ್ಲೇ ಬೇರೆ ಗುಂಪು ಬಂದು ನಿಲ್ಲುತ್ತಿತ್ತು. ಮೀಟರು ಇಳಿಬಿಟ್ಟರು, ನಾವು ಇಳಿದೆವು. ಕೆರೆದೆವು. ಚೆನ್ನಾಗಿಯೇ ಕೆರೆದೆವು, ಅರ್ಧದವರೆಗೆ. ಚಹಾದ ಹೊತ್ತಿಗೆ ಎಂಟೂ ಜನ ಹೊರಗೆ ಬಂದು ಹಂಡೆಯ ಬಾಯಿಯ ಮುಂದೆ ಸಾಲಾಗಿ ಕೂತೆವು. ಚಹಾ ಮುಗಿಯಿತು. ನಾವು ಏಳಲಿಲ್ಲ.

ಇಂಜಿನಿಯರು ಬಂದರು. "ಯಾಕ್ರೀ?"

ಮಾತು ನನ್ನದಿತ್ತು. ಹಿಂದಿನ ರಾತ್ರಿ ಮನಸ್ಸಿನಲ್ಲಿ ದೊಡ್ಡದಾಗಿ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ:

"ಬಚ್ಚಲು ತೆಗೀರಿ ಸರ್. ಮಿಕ್ಕಿದ್ದು ಕೆರೀತೀವಿ."

"ಅದೂ ಇದೂ ಗಂಟು ಹಾಕಬೇಡ್ರೀ. ಕೆಲಸ ಬೇರೆ, ಅದು ಬೇರೆ."

"ಮೈ ಒಂದೇ ಸರ್."

"ನಾಳೆ ಟ್ಯಾಂಕರ್ ಬರುತ್ತೆ. ಸಂಜೆ ಒಳಗೆ ಹಂಡೆ ತುಂಬಿ ಬೆಂಕಿ ಹಾಕಬೇಕು."

ಅವರ ಬಾಯಲ್ಲೂ ಹಂಡೆ ಅಂತ ಬಂದದ್ದನ್ನು ರೇಡಿಯೋ ಗಮನಿಸಿ ನನ್ನ ಪಕ್ಕೆ ತಿವಿದಳು.

ಇಂಜಿನಿಯರು ಆಚೆ ಹೋಗಿ ಫೋನು ಮಾಡಿದರು. ಪಕ್ಕದ ಕಾರ್ಖಾನೆಯ ಗುಂಪಿನ ಮೇಸ್ತ್ರಿಯ ದನಿ ಫೋನಿನಿಂದಾಚೆಗೂ ಕೇಳುತ್ತಿತ್ತು. "ಪೂರ್ತಿದಾ, ಅರ್ಧದ್ದಾ?" "ಅರ್ಧ ಆಗಿದೆ, ಇನ್ನರ್ಧ..." "ಅರ್ಧದ್ದು ಆಗಲ್ಲ ಸರ್." ಇಂಜಿನಿಯರು ಯಂತ್ರ ನಡೆಸುವವರ ಕಡೆ ತಿರುಗಿದರು. ಒಬ್ಬನಿಗೆ ತಟ್ಟನೆ ಸೊಂಟ ನೋವು ಬಂತು. ಇನ್ನೊಬ್ಬ, "ನಮ್ಮನ್ನ ತಗೊಂಡಿದ್ದು ಗುಂಡಿ ಒತ್ತೋಕೆ ಸರ್," ಅಂದ.

ಆಗ ಅವರು ಒಂದು ಮಾತು ಹೇಳಿದರು. ಹೇಳದಿದ್ದರೆ ಚೆನ್ನಾಗಿತ್ತು ಅಂತ ಆಮೇಲೆ ಅವರಿಗೂ ಅನ್ನಿಸಿರಬೇಕು.

"ಏನು ಮಹಾ ಕೆಲಸ ಇದು? ಒಂದು ಗಂಟೆ ಕೆರೆಯೋದು, ಒಂದು ಬಟ್ಟೆಯಿಂದ ಒರೆಸಿಕೊಳ್ಳೋದು. ನಾನೇ ಹೋಗ್ತೀನಿ."

ಮತ್ತೆ ಮೀಟರು ಇಳಿಬಿಟ್ಟು ನೋಡಿದರು. ಬಿಳಿ ಹೆಲ್ಮೆಟ್ಟು ಹಾಕಿದರು, ಮೂಗಿಗೆ ಹೊಸ ಮಾಸ್ಕು ಕಟ್ಟಿದರು, ನಮ್ಮ ಸಲಿಕೆ ತೆಗೆದುಕೊಂಡರು.

"ಸರ್, ಬಲಗಡೆ ಮೇಲೆ ನೋಡ್ಕೊಳ್ಳಿ," ಅಂತ ರೇಡಿಯೋ ಕೂಗಿದಳು. ನಿಜಕ್ಕೂ ಒಳ್ಳೆಯ ಮನಸ್ಸಿನಿಂದಲೇ ಕೂಗಿದಳು.

"ಗೊತ್ತು, ಗೊತ್ತು."

ಸ್ವಲ್ಪ ಹೊತ್ತು ಕೆರೆಯುವ ಸದ್ದು ಬಂತು. ಆಮೇಲೆ ಬಲಗಡೆ ಮೇಲಿನದ್ದು ಬಿದ್ದ ಸದ್ದು ಬಂತು. ಹಂಡೆಯ ಬಾಯಿಂದ ಕಪ್ಪು ಮೋಡವೊಂದು ಹೊರಗೆ ಬಂದು ನಮ್ಮ ಮೇಲೆ ಕೂತಿತು. ಕೆಮ್ಮು ಕೇಳಿಸಿತು. ನಾವು ಎದ್ದು ನಿಂತೆವು. ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಇನ್ನೇನು ಇಳಿಯಬೇಕು, ಅಷ್ಟರಲ್ಲಿ ಮತ್ತೆ ಕೆರೆಯುವ ಸದ್ದು ಶುರುವಾಯಿತು. ಆ ಹಟಕ್ಕೆ ಮೆಚ್ಚಲೇಬೇಕು. ಪೂರ್ತಿ ಮುಗಿಸಿದರು. ಚೀಲವನ್ನೂ ತಾವೇ ಎಳೆದು ತಂದರು. ಅಷ್ಟು ಹೊತ್ತಿಗೆ ನಾಲ್ಕಾಗುತ್ತಾ ಬಂದಿತ್ತು.

ಹೊರಗೆ ಬಂದದ್ದು ಯಾರು ಅಂತ ನಮಗೆ ಗೊತ್ತಿತ್ತು, ಹೋಗುವಾಗ ನೋಡಿದ್ದೆವು ಅನ್ನುವ ಕಾರಣಕ್ಕೆ. ಬಿಳಿ ಹೆಲ್ಮೆಟ್ಟು ಕರಿ ಹೆಲ್ಮೆಟ್ಟಾಗಿತ್ತು. ಕಣ್ಣಿನ ಬಿಳಿ, ಹಲ್ಲಿನ ಬಿಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಜೇಬಿನಿಂದ ಒಂದು ಬಟ್ಟೆ ತೆಗೆದು ಮುಖ ಒರೆಸಿಕೊಂಡರು. ಮೊದಲು ಮೂಗಿನ ತುದಿಯಲ್ಲಿ ಸ್ವಲ್ಪ ಮೈಬಣ್ಣ ಉಳಿದಿತ್ತು. ಒರೆಸಿದ ಮೇಲೆ ಅದೂ ಹೋಯಿತು.

ಯಾರೂ ನಗಲಿಲ್ಲ. ನಗು ಹಿಡಿದುಕೊಂಡರೆ ಹೊಟ್ಟೆ ಎಷ್ಟು ನೋಯುತ್ತದೆ ಅಂತ ಅವತ್ತು ತಿಳಿಯಿತು.

ಅವರು ನೇರ ಬಚ್ಚಲಿಗೆ ನಡೆದರು. ನಾವು ಹಿಂದೆ ಹೋದೆವು. ಬಾಗಿಲ ಮುಂದೆ ರೇಡಿಯೋಳ ಮೈದುನ ಸ್ಟೂಲಿನ ಮೇಲೆ ಕೂತಿದ್ದ. ಎದ್ದು ಕೋಲು ಅಡ್ಡ ಹಿಡಿದ.

"ಹಿಂದಿನ ಗೇಟಿಗೆ ಹೋಗಪ್ಪ."

"ಬಾಗಿಲು ತೆಗಿಯೋ."

"ಮಸಿಯವರಿಗೆ ಇಲ್ಲ."

"ನಾನು ಕಣೋ, ಇಂಜಿನಿಯರು."

"ಹಂಗೇ ಅಂತಾರೆ ಅಂತ ಸಾಹೇಬ್ರು ಮೊದಲೇ ಹೇಳಿದ್ದಾರೆ."

"ಆ ಸಾಹೇಬ್ರು ನಾನೇ."

"ಅವರು ಹಿಂಗಿಲ್ಲ. ಅವರು ಮಾತಿಗೆ 'ರೀ' ಹಾಕ್ತಾರೆ."

ಇಂಜಿನಿಯರು ಒಂದು ಉಸಿರು ಎಳೆದುಕೊಂಡರು. "ಬಾಗಿಲು ತೆಗೀರೀ."

"ಯಾರು ಬೇಕಾದ್ರೂ ಕಲೀಬಹುದು ಅದನ್ನ," ಅಂದ ಮೈದುನ.

ಅವರು ಕೊರಳಿನ ಗುರುತಿನ ಚೀಟಿ ಹಿಡಿದು ತೋರಿಸಿದರು. ಚೀಟಿ ಕಪ್ಪು. ಹೆಬ್ಬೆರಳಿನಿಂದ ಉಜ್ಜಿದರು. ಹೆಬ್ಬೆರಳೂ ಕಪ್ಪು. ಮೈದುನ ಬಗ್ಗಿ ಶ್ರದ್ಧೆಯಿಂದ ನೋಡಿದ. "ಹ್ಞೂಂ, ಫೋಟೋದಲ್ಲಿರೋದು ನೀನೇ ಇರಬೇಕು. ಇದರಲ್ಲೂ ಮಸಿನೇ ಇದೆ," ಅಂದ.

ಅಲ್ಲಿಗೆ ನಮ್ಮ ಕಟ್ಟೆ ಒಡೆಯಿತು. ರೇಡಿಯೋ ಗೋಡೆ ಹಿಡಿದುಕೊಂಡು ಕೂತೇಬಿಟ್ಟಳು. ಯಂತ್ರ ನಡೆಸುವವರು ಕಿಟಕಿಯಲ್ಲಿ ನಗುತ್ತಿದ್ದರು. ಸೊಂಟ ನೋವಿನವನು ಎಲ್ಲರಿಗಿಂತ ಹೆಚ್ಚು ಬಗ್ಗಿ ನಗುತ್ತಿದ್ದ. ಮೈದುನನಿಗೆ ನಿಜಕ್ಕೂ ಗುರುತು ಸಿಗಲಿಲ್ಲವೋ, ಮಂಡಿಯೂರಿ ಉಜ್ಜಿದ ಟೈಲುಗಳು ನೆನಪಾದವೋ, ಅವನು ಇವತ್ತಿಗೂ ಹೇಳಿಲ್ಲ. ಅತ್ತಿಗೆ ಕೇಳಿದರೆ, "ಡ್ಯೂಟಿ ಅಂದ್ರೆ ಡ್ಯೂಟಿ ಅತ್ತಿಗೆ," ಅನ್ನುತ್ತಾನೆ.

ಇಂಜಿನಿಯರು ನಮ್ಮ ಕಡೆ ತಿರುಗಿದರು. ಮಸಿಯ ಹಿಂದೆ ಕಣ್ಣು ಕೆಂಪಾಗಿತ್ತು. ಆ ಕಣ್ಣು ಎಷ್ಟು ಉರಿಯುತ್ತಿದೆ ಅಂತ ನನಗೆ ಗೊತ್ತಿತ್ತು.

"ಹೇಳ್ರೀ ಇವನಿಗೆ ನಾನು ಯಾರು ಅಂತ."

ಎಲ್ಲರೂ ನನ್ನನ್ನು ನೋಡಿದರು. ನಗು ನಿಂತಿತು. ನಾನು ಹೋಗಿ ಬಾಗಿಲಿನ ಹೊಸ್ತಿಲ ಮೇಲೆ ಕೂತೆ.

"ಹೇಳ್ತೀನಿ ಸರ್. ನೀವು ಮಸಿಯವರು. ಹಂಡೆ ಒಳಗೆ ಇಳಿದು ಬಂದೋರು. ಮೈ ತೊಳ್ಕೋಬೇಕು ನೀವು. ಬಿಸಿನೀರು ಒಳಗಿದೆ. ಬಾಗಿಲು ತೆಗೆಯೋದಾದ್ರೆ ಎಲ್ಲಾ ಮಸಿಯವರಿಗೂ ತೆಗೀಬೇಕು. ಇಲ್ಲ ಅಂದ್ರೆ ಹಿಂದಿನ ಗೇಟು ಅಲ್ಲಿದೆ, ಬಸ್ಸು ನಾಲ್ಕೂ ಹತ್ತಕ್ಕೆ. ಕಡೇ ಮೆಟ್ಟಿಲು ಮೇಲೆ ನಿಂತ್ಕೋಬೇಕು."

"ಮೊದಲು ನಾನು ತೊಳ್ಕೋತೀನಿ. ನಿಮ್ಮದು ಆಮೇಲೆ ಮಾತಾಡೋಣ."

"ಆಮೇಲೆ ಅನ್ನೋದು ನನ್ನ ಹತ್ರ ಇಲ್ಲ. ಎದುರು ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳಿದ್ದಾಳೆ. ಐದಕ್ಕೆ ಹೊರಡ್ತಾಳೆ. ನಾನು ಇನ್ನೂ ಎತ್ಕೊಂಡಿಲ್ಲ. ನಿನ್ನೆ ಕಣ್ಣಿಗೆ ಸೋಪು ಹಾಕ್ಕೊಂಡು ನಿಂತಿದ್ದಾಗ ನೀರು ನಿಲ್ಲಿಸಿದ್ರಲ್ಲ, ಅದು ನಾನೇ."

ಗುಮಾಸ್ತ ಆಫೀಸಿನಿಂದ ಓಡಿಬಂದು, "ಸರ್, ಟೈಲ್ಸ್..." ಅಂದ. ಅವನಿಗೆ ಸಾಹೇಬರ ಗುರುತು ಸಿಕ್ಕಿತ್ತು. ಇಂಜಿನಿಯರು ತಮ್ಮ ಕಪ್ಪು ಕೈಯನ್ನು ಗುಮಾಸ್ತನ ಬಿಳಿ ಅಂಗಿಯ ಭುಜದ ಮೇಲಿಟ್ಟರು. ಬೇಕಂತಲೇ ಇಟ್ಟರೋ, ಆಸರೆಗೆ ಇಟ್ಟರೋ.

"ತೆಗೀರೀ," ಅಂದರು. "ಎಲ್ರಿಗೂ ತೆಗೀರಿ. ಇವತ್ತಿಗೆ ಮಾತ್ರ."

ಮೈದುನ ಬೀಗ ತೆಗೆದ. ನಾನು ಮೊದಲು ಎದ್ದೆ. ಇಂಜಿನಿಯರೂ ಹೆಜ್ಜೆ ಮುಂದಿಟ್ಟರು.

"ಸಾಲಲ್ಲಿ ಬನ್ನಿ," ಅಂದ ಮೈದುನ.

ಅವರು ಸಾಲಿನ ಕೊನೆಗೆ ಹೋಗಿ ನಿಂತರು.

ನೀರು ಸುರಿಯಿತು. ಕಪ್ಪು ನೀರು ಬಿಳಿ ಟೈಲ್ಸಿನ ಮೇಲೆ ಹರಿಯಿತು. ಆಮೇಲೆ ಬೂದು ನೀರು. ಆಮೇಲೆ ನೀರಿನ ಬಣ್ಣದ ನೀರು. ಯಾರೂ ನಿಲ್ಲಿಸಲಿಲ್ಲ. ರೇಡಿಯೋ ನನ್ನ ಬೆನ್ನು ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳು.

"ಅಕ್ಕಾ, ಇಲ್ಲೊಂದು ಮಚ್ಚೆ ಇದೆ ನಿಂಗೆ."

"ಮಸಿ ಇರಬೇಕು. ತಿಕ್ಕು."

"ತಿಕ್ಕಿದೆ. ಮಚ್ಚೆನೇ. ಇಷ್ಟು ವರ್ಷ ಜತೇಲಿದ್ದು ಇವತ್ತು ನೋಡ್ತಿದ್ದೀನಿ ನೋಡು."

ಒಗೆದ ಬಟ್ಟೆ ಹಾಕಿಕೊಂಡು ಹೊರಗೆ ಬಂದೆ. ಗಾಳಿ ನೇರ ಚರ್ಮಕ್ಕೆ ತಾಗಿತು. ಇಂಜಿನಿಯರು ಸಾಲಿನಲ್ಲಿ ತಾಳ್ಮೆಯಿಂದ ನಿಂತಿದ್ದರು. "ಬೇಗ ಹೋಗ್ರೀ, ಐದಾಗುತ್ತೆ," ಅಂದರು. ನಾನು ಓಡಲಿಲ್ಲ, ಬೆವರುತ್ತೇನೆ ಅಂತ. ಬಿರಬಿರ ನಡೆದೆ. ರಸ್ತೆಯಲ್ಲಿ ಎದುರು ಬಂದ ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಒಬ್ಬ ಡಿಕ್ಕಿಯನ್ನೇ ಹೊಡೆದ. ಬಹಳ ಸಂತೋಷವಾಯಿತು.

ನರ್ಸಮ್ಮ ಹತ್ತಿ ತೆಗೆದರು. ಮಣಿಕಟ್ಟಿನ ಮೇಲೆ ಎಳೆದರು. ಕುತ್ತಿಗೆಯ ಮೇಲೆ ಎಳೆದರು. ಕಿವಿಯ ಹಿಂದೆ ಎಳೆದರು. ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಉಗುರು ನೋಡಿದರು. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ ಇತ್ತು, ಅದು ಯಾವ ನೀರಿಗೂ ಹೋಗುವುದಿಲ್ಲ. ನಾನು ಬೆರಳು ಮಡಚಿದೆ. ಅವರು ಒಂದು ಜೊತೆ ಗ್ಲೌಸು ತಂದು ತಾವೇ ನನ್ನ ಕೈಗೆ ತೊಡಿಸಿದರು.

"ಬನ್ನಿ ಅಜ್ಜಿ," ಅಂದರು.

ಮಗಳು ಮಗುವನ್ನು ನನ್ನ ಕೈಗೆ ಇಟ್ಟಳು. ಭಾರವೇ ಇರಲಿಲ್ಲ. ಮೂಗು ನನ್ನದು. ಹಣೆ ಅಳಿಯನ ಕಡೆಯದು, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಮಗು ಕಣ್ಣು ಬಿಟ್ಟು ನನ್ನನ್ನು ಒಂದು ಗಳಿಗೆ ನೋಡಿ, ಮುಖ ಕಿವುಚಿ, ಆ ಸಣ್ಣ ಮೈಯಲ್ಲಿ ಎಲ್ಲಿ ಬಚ್ಚಿಟ್ಟುಕೊಂಡಿತ್ತೋ ಅಂಥ ದನಿ ತೆಗೆದು ಕಿರುಚಿತು.

"ಗಂಟಲು ಯಾರದು ಅಂತ ಕೇಳೋದೇ ಬೇಡ," ಅಂತ ಗಾಜಿನ ಆಚೆಯಿಂದ ಒಂದು ಮಾತು ಬಂತು.

ನೋಡಿದರೆ ಏಳೂ ಜನ ಬಂದು ನಿಂತಿದ್ದಾರೆ. ಒದ್ದೆ ತಲೆ, ತೊಳೆದ ಮುಖ. ಕೆಲವರನ್ನು ಗುರುತು ಹಿಡಿಯುವುದಕ್ಕೆ ನನಗೇ ಕ್ಷಣ ಬೇಕಾಯಿತು. ನರ್ಸಮ್ಮ ಹತ್ತಿಯ ಉಂಡೆ ಹಿಡಿದು ಬಾಗಿಲಿಗೆ ಹೋದರು. ಏಳೂ ಜನ ಹೇಳಿಸಿಕೊಳ್ಳದೆ ಕೈ ಮುಂದೆ ಚಾಚಿದರು. ಆದರೆ ಎಲ್ಲರ ಅಂಗೈಯೂ ಧೂಳು. ಮಸಿಯಲ್ಲ, ರಾಶಿಯ ಧೂಳು.

"ಇದೇನ್ರಮ್ಮಾ, ಮೈಯೆಲ್ಲ ಚೊಕ್ಕ, ಕೈ ಮಾತ್ರ ಹಿಂಗೆ?"

"ಬರೋವಾಗ ಒಂದು ಸಣ್ಣ ಕೆಲಸ ಇತ್ತು," ಅಂದಳು ರೇಡಿಯೋ.

ನಾನು ಮಗುವನ್ನು ತೋಳಿಗೆ ಸರಿಯಾಗಿ ಒರಗಿಸಿಕೊಂಡು ಗಾಜಿನ ಹತ್ತಿರ ಹೋದೆ. "ಏನು ಮಾಡಿದ್ರೇ?"

"ಇವತ್ತಿಗೆ ಮಾತ್ರ ಅಂದ್ರಲ್ಲ ಅವರು. ನಾಳೆ ಮತ್ತೆ ಬೀಗ ಹಾಕ್ತಾರೆ ಅಂತ ಲೆಕ್ಕ. ಬೀಗ ಹಾಕೋಕೆ ಬಾಗಿಲು ಬೇಕಲ್ಲ."

"ಬಾಗಿಲು?"

"ಬಿಚ್ಚಿದ್ವಿ. ಹೊರಗಿಂದು ಮಾತ್ರ. ಒಳಗಿನ ಕೋಣೆಗಳ ಬಾಗಿಲು ಹಂಗೇ ಇದೆ, ನಾವೇನು ನಾಚಿಕೆ ಬಿಟ್ಟೋರಾ? ಸಾಹೇಬ್ರು ಒಳಗೆ ಹಾಡ್ಕೊಂಡು ಮೀಯ್ತಿದ್ರು, ಕೇಳಿಸ್ಲಿಲ್ಲ ಅವರಿಗೆ. ಮೈದುನ ಸ್ಕ್ರೂ ಹಿಡ್ಕೊಂಡಿದ್ದ."

"ಹಂಡೆಗೆ ಹಾಕಿದ್ರೇನೇ?"

"ಛೆ. ಹಂಡೆಗೆ ಆಗೋ ಜಾತಿ ಅಲ್ಲ ಅದು. ರಾಶಿಗೆ ಹಾಕಿದ್ವಿ. ಮಧ್ಯದಲ್ಲಿ, ಆಳಕ್ಕೆ."

ಎರಡು ಮಹಡಿ ಎತ್ತರದ ರಾಶಿ ನನ್ನ ಕಣ್ಣಮುಂದೆ ಬಂತು. ಮಗು ಅಳು ನಿಲ್ಲಿಸಿ ಆಕಳಿಸಿತು.

"ಹುಡುಕಿಸ್ತಾರೆ ಕಣೇ ಅವರು," ಅಂದೆ.

"ಹುಡುಕಿಸ್ಲಿ ಬಿಡಕ್ಕಾ," ಅಂದಳು ರೇಡಿಯೋ. ನರ್ಸಮ್ಮ ಕೊಟ್ಟ ಸೋಪು ತೆಗೆದುಕೊಂಡು ನಲ್ಲಿಯ ಕಡೆ ಹೊರಟಿದ್ದಳು. "ರಾಶಿ ಬೇರ್ಪಡಿಸೋರು ನಾವೇ ತಾನೇ."